ಸುಡದ ತಂತಿ

ಅಕ್ಕಿರೊಟ್ಟಿ ತಟ್ಟುತ್ತಿದ್ದ ಅರುಣಾಳ ಮೂಗಿಗೆ ರೊಟ್ಟಿಯದಲ್ಲದ ಸುಟ್ಟ ವಾಸನೆ ಬಡಿಯಿತು. ಒಲೆ ಆರಿಸಿ ಬಚ್ಚಲ ಕಡೆ ಓಡಿದಳು. ಒಳಗೆ ಗಂಡ ಚಿದಂಬರ ನೀರು ಕಾಯಿಸುವ ಹೊಸ ಕರೆಂಟ್ ಶವರಿನಡಿ ನಿಂತಿದ್ದ. ಹೊರಗೆ ಎಂಟು ವರ್ಷದ ಸಿರಿ ಟವೆಲ್ ಹೊದ್ದು ತನ್ನ ಸರದಿ ಕಾಯುತ್ತಿದ್ದಳು. ಅರುಣಾ ಸ್ವಿಚ್ಚಿನ ಪಕ್ಕದ ಗೋಡೆಗೆ ಅಂಗೈ ಒತ್ತಿದಳು. ಜ್ವರ ಬಂದ ಮಗುವಿನ ಹಣೆಯಂತೆ ಸುಡುತ್ತಿತ್ತು. ತಕ್ಷಣ ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತಳು.

“ಏನೇ ಇದು, ಮೈಯೆಲ್ಲ ಸೋಪು ಕಣೇ,” ಎಂದು ಚಿದಂಬರ ಒಳಗಿನಿಂದ ಕೂಗಿದ.

“ಇರ್ಲಿ ಬಿಡಿ. ಈ ಫ್ಯೂಸಿಗೆ ಏನು ಸುತ್ತಿದ್ದೀರಿ?” ಕರೆಂಟು ಮಿತಿಮೀರಿದರೆ ಮೊದಲು ತಾನು ಸುಟ್ಟು ಮನೆ ಉಳಿಸಬೇಕಾದ ತೆಳುವಾದ ಎಳೆಯ ಜಾಗದಲ್ಲಿ, ಕೊಬ್ಬರಿ ಮೂಟೆ ಹೊಲಿಯುವ ದಾರದಷ್ಟು ದಪ್ಪ ತಾಮ್ರವಿತ್ತು.

ಚಿದಂಬರ ಬಾಗಿಲ ಸಂದಿಯಿಂದ ನೊರೆ ತುಂಬಿದ ತಲೆ ಹೊರಹಾಕಿದ. “ದಿನಾ ಹೋಗ್ತಿತ್ತಲ್ಲ, ದಪ್ಪ ತಂತಿ ಹಾಕ್ದೆ. ಈಗ ನೋಡು, ಸುಡೋದೇ ಇಲ್ಲ.”

“ಐದು ಸಾವಿರ ವ್ಯಾಟಿನ ಶವರಿಗೆ ಬೇರೆ ದಪ್ಪ ವೈರೇ ಎಳೀಬೇಕು, ಇದು ನಿಮ್ಮ ತಾತನ ಕಾಲದ ಬಲ್ಬಿನ ವೈರು ಅಂತ ಅರಸೀಕೆರೆ ಎಲೆಕ್ಟ್ರೀಷಿಯನ್ ಹೇಳಿರ್ಲಿಲ್ವಾ?”

“ಹೇಳ್ದ. ಮೊನ್ನೆ ಬಣ್ಣ ಹೊಡೆಸಿದ ಗೋಡೆ ಒಡೆಸೋಕಾಗುತ್ತಾ?”

“ಗೋಡೆ ಬಣ್ಣ ಮುಖ್ಯ ನಿಮಗೆ. ನಿಮ್ಮಾದ್ಮೇಲೆ ಸ್ನಾನಕ್ಕೆ ನಿಂತಿರೋದು ಯಾರು ಅಂತ ನೋಡಿ ಹೇಳಿ.”

ಸಿರಿ ಅಮ್ಮನ ಕೈಯಲ್ಲಿದ್ದ ದಪ್ಪ ತಂತಿಯನ್ನು ನೋಡಿದಳು, ಗೋಡೆಯನ್ನು ಮುಟ್ಟಿ ನೋಡಿದಳು, ಕೊನೆಗೆ ಅಪ್ಪನ ಮುಖ ನೋಡಿದಳು.

“ಅಪ್ಪಾ, ಈ ತಂತಿ ಸುಡಲ್ಲ ಅಂದ್ರೆ, ಅದರ ಬದಲು ಏನು ಸುಡುತ್ತೆ?”