ಇವಳೇ

“ಥೂ, ಇವನೂ ಒಬ್ಬ ಗಂಡಸಾ!” ಎಂದು ಟೈಲರ್ ಮಾಸ್ಟರು ವಾರಪತ್ರಿಕೆಯನ್ನು ಕಟಿಂಗ್ ಮೇಜಿನ ಮೇಲೆ ಬಡಿದರು. ಮೂಲೆಯ ಸ್ಟೂಲಿನಲ್ಲಿ ಗುಂಡಿ ಹಚ್ಚುತ್ತ ಕುಳಿತಿದ್ದ ಹೆಂಡತಿ ಸೂಜಿ ನಿಲ್ಲಿಸಿ ತಲೆಯೆತ್ತಿದಳು. ಆಗಷ್ಟೇ ಬಂದ ಪತ್ರಿಕೆಯಲ್ಲಿದ್ದ ಆ ಕಥೆ ಬರೆದವಳು ಅವಳೇ, ಅದು ಮಾಸ್ಟರಿಗೂ ಗೊತ್ತು. ಕಥೆಯೊಳಗಿನ ಗಂಡ ಇದೇ ಮಾಸ್ಟರು.

ಬಾಯಿಬಿಟ್ಟು ಹೇಳಲಾಗದ್ದನ್ನು ಕಥೆ ಕಟ್ಟಿ ಹೇಳಿದ್ದಳು, ಪಾಪ. ಮದುವೆಯಾದಾಗಿನಿಂದ ಮಾಸ್ಟರ ಬಾಯಲ್ಲಿ ಅವಳು ಬರೀ ‘ಇವಳೇ’. ಇವಳೇ, ಕತ್ತರಿ ಎಲ್ಲಿ? ಇವಳೇ, ದಾರ ಮುಗೀತು. ಒಂದೇ ಒಂದು ಸಲ ಹೆಸರು ಹಿಡಿದು ಕರೆಯಲಿ ಅನ್ನೋದು ಅವಳ ಆಸೆ. ಕೇಳಿದರೆ “ಈ ವಯಸ್ಸಲ್ಲಿ ಇದೆಂಥ ನಾಟಕ” ಅಂದುಬಿಟ್ಟಾರು. ಅದಕ್ಕೇ ಟೈಲರನ್ನು ಗಡಿಯಾರ ರಿಪೇರಿಯವನನ್ನಾಗಿ ಮಾಡಿ, ಮಿಕ್ಕಿದ್ದನ್ನೆಲ್ಲ ಇದ್ದದ್ದು ಇದ್ದ ಹಾಗೇ ಇಳಿಸಿದ್ದಳು. ಮಾತಾಡಿಸಿದರೆ ತುಟಿಯಲ್ಲಿ ಸ್ಕ್ರೂ ಕಚ್ಚಿಕೊಂಡು ‘ಹ್ಞೂಂ’ ಅನ್ನುವುದು, ಚಹಾಕ್ಕೆ ಕಿರುಬೆರಳು ಅದ್ದಿ ಬಿಸಿ ನೋಡುವುದು, ಗಿರಾಕಿ ಹೊಗಳಿದರೆ ತಾನು, ಬೈದರೆ ‘ಇವಳು’. ಓದಿದ ತಕ್ಷಣ ಗೊತ್ತಾಗಲೇಬೇಕು, ಹಾಗೆ ಬರೆದಿದ್ದಳು.

“ನಿಲ್ಲಿಸ್ಬೇಡಿ ಮಾಸ್ಟ್ರೇ, ಮುಂದೆ ಓದಿ” ಎಂದರು ಟೀಚರಮ್ಮ. ಕೋಟಿನ ತೋಳು ಗಿಡ್ಡ ಮಾಡಿಸಲು ಬಂದವರು, ಮೈತುಂಬ ಪಿನ್ನು ಚುಚ್ಚಿಸಿಕೊಂಡು ಕೈ ಚಾಚಿ ನಿಂತೇ ಇದ್ದರು. ಕಥೆಯೊಳಗೆ ಹೊಕ್ಕ ಮಾಸ್ಟರಿಗೆ ಕೋಟೂ ನೆನಪಿರಲಿಲ್ಲ, ಕೋಟಿನೊಳಗಿದ್ದವರೂ ನೆನಪಿರಲಿಲ್ಲ.

“ಏನು ಬರ್ದಿದಾಳ್ರೀ! ಕಣ್ಣಿಗೆ ಕಟ್ಟಿದ ಹಾಗಿದೆ” ಎಂದರು ಮಾಸ್ಟರು, ತುಟಿಯಲ್ಲಿದ್ದ ಪಿನ್ನುಗಳ ಸಂದಿಯಿಂದಲೇ. ಕಿರುಬೆರಳನ್ನು ಚಹಾಕ್ಕೆ ಅದ್ದಿ ತೆಗೆದರು. “ಈ ಆಸಾಮೀನ ನಾನು ಎಲ್ಲೋ ನೋಡಿದೀನಿ ಟೀಚರೇ.”

ಟೀಚರಮ್ಮ ಆ ಕಿರುಬೆರಳು ನೋಡಿದರು, ಮೂಲೆಯತ್ತ ನೋಡಿದರು, ನಗು ನುಂಗಿಕೊಂಡರು. “ನಾನೂ ನೋಡಿದೀನಿ.”

“ಸಿಕ್ಕಿದ!” ಮಾಸ್ಟರು ಮೇಜು ಗುದ್ದಿದರು. “ಥೇಟ್ ನಮ್ಮ ಷಡ್ಡಕ! ಇವಳೇ, ಸ್ವಂತ ಅಕ್ಕನ ಗಂಡನ್ನೂ ಬಿಡ್ಲಿಲ್ವಲ್ಲೇ ನೀನು! ಅಯ್ಯೋ, ನಿಮ್ಮಕ್ಕ ಅದು ಹೇಗೆ ಬಾಳ್ತಾಳೋ.”

ಆ ಷಡ್ಡಕನೋ, ಎದ್ದರೆ ಕೂತರೆ ಹೆಂಡತಿಯ ಹೆಸರು ಜಪಿಸುವ ಪುಣ್ಯಾತ್ಮ. ಅಕ್ಕನಿಗೇ ಅದು ಕೇಳಿ ಕೇಳಿ ತಲೆ ಚಿಟ್ಟುಹಿಡಿದಿತ್ತು. ಇವಳು ಹಲ್ಲಿನಲ್ಲಿ ದಾರ ಕಡಿದಳು.

“ಅದಿರ್ಲಿ, ಕಥೆಗಾರ್ತಿ ಹೆಸರಿರೋ ಜಾಗದಲ್ಲಿ ಅಂಗಡಿ ಹೆಸರಿದೆಯಲ್ಲ ಮಾಸ್ಟ್ರೇ?” ಎಂದು ಟೀಚರಮ್ಮ ಕೆಣಕಿದರು.

“ನನ್ನದೇ ಐಡಿಯಾ. ಪುಕ್ಕಟೆ ಪ್ರಚಾರ!” ಎಂದು ಮಾಸ್ಟರು ಬೀಗಿ, ಕೊನೆಯ ಭಾಗಕ್ಕೆ ಬಂದರು.

ಕಥೆಯ ಹೆಂಡತಿಗೆ ಕೊನೆಯವರೆಗೂ ಹೆಸರಿಲ್ಲ. ಕೊನೆಗೆ ಅವಳು ಸ್ನಾನದ ಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಕನ್ನಡಿಯ ಮುಂದೆ ನಿಂತು ತನ್ನನ್ನು ತಾನೇ ಹೆಸರು ಹಿಡಿದು ಕರೆಯುತ್ತಾಳೆ. ಅಷ್ಟು ಓದಿದ ಮಾಸ್ಟರು ತುಟಿಯ ಪಿನ್ನು ತೆಗೆದಿಟ್ಟು, ಕಣ್ಣೊರೆಸಿಕೊಂಡು, ಆ ಹೆಸರನ್ನು ಗಟ್ಟಿಯಾಗಿ ಓದಿದರು. ಕಥೆಯಲ್ಲಿದ್ದ ಹಾಗೇ ಇನ್ನೊಂದು ಸಲವೂ, ತುಂಬ ಮೆಲ್ಲಗೆ.

ಸೂಜಿ ಬೆರಳಿಗೆ ಚುಚ್ಚಿದ್ದೂ ಅವಳಿಗೆ ಗೊತ್ತಾಗಲಿಲ್ಲ. ಅವಳದೇ ಹೆಸರು! ಅಪ್ಪ ಅಮ್ಮ ಇಟ್ಟ ಹೆಸರು, ಗಂಡನ ಬಾಯಲ್ಲಿ, ಅಂಗಡಿ ತುಂಬ. ಅಳುವೂ ಬಂತು, ನಗುವೂ ಬಂತು. ಇನ್ನೇನು, ಈಗ ತಿರುಗಿ ನೋಡುತ್ತಾರೆ ಎಂದು ಸೆರಗು ಸರಿಮಾಡಿಕೊಂಡಳು.

ಮಾಸ್ಟರು ತಿರುಗಿ ನೋಡಿದರು. ಕಣ್ಣಿನ್ನೂ ಒದ್ದೆಯಾಗಿತ್ತು.

“ಹೆಸರು ಮಾತ್ರ ಎಷ್ಟು ಮುದ್ದಾಗಿ ಇಟ್ಟಿದೀಯೇ! ಯಾವುದೋ ಪತ್ರಿಕೇಲಿ ನೋಡಿದ ನೆನಪು.”

“ಲಗ್ನಪತ್ರಿಕೇಲಿ ನೋಡಿರ್ತೀರಿ” ಎಂದಳು.

ಮಾಸ್ಟರು ತಲೆ ಕೆರೆದುಕೊಂಡರು.

“ಯಾರದ್ದು?”