ಆಚೆ ಚಳಿಗಾಲದ ಸೌದೆ

“ಏನೋ ಆಸ್ಬ್ಯೋರ್ನ್, ಬೆಂಕಿಕಡ್ಡಿ ಕಾರ್ಖಾನೆ ಇಡ್ತೀಯಾ?” ನೆರೆಮನೆಯ ಹಾಲ್ವರ್ ಬೇಲಿಯಾಚೆಯಿಂದ ನಕ್ಕ. ಆಸ್ಬ್ಯೋರ್ನ್ ಹಸಿ ಬರ್ಚ್ ಮರದ ಕೊರಡುಗಳನ್ನು ಎರಡು ಬೆರಳಿನಷ್ಟು ತೆಳ್ಳಗೆ ಸೀಳುತ್ತಿದ್ದ.

“ನಗು ಮಾರಾಯ. ಸುನ್ನಿವಾಗೆ ಕೊಡಲಿ ಹಿಡಿಯೋಕೆ ಬರಲ್ಲ. ಎತ್ತಿ ಹಾಗೇ ಒಲೆಗೆ ಹಾಕೋ ಹಾಗಿರ್ಲಿ.”

ಸೌದೆ ಒಟ್ಟುತ್ತಿದ್ದ ಹೆಂಡತಿ ಸುನ್ನಿವಾಳಿಗೂ ನಗು ಬಂತು. “ನಾನ್ಯಾವತ್ತು ಒಲೆ ಹಚ್ಚಿದ್ದೀನಿ? ನಿನಗೆ ಕೀಮೋ ಆಗ್ತಿದ್ದಾಗ್ಲೂ ಆ ಕೆಲಸ ನೀನು ಬಿಟ್ಟುಕೊಡ್ಲಿಲ್ಲ.” ಅವನು ನಗಲಿಲ್ಲ. ನಾರ್ವೆಯ ಆ ಕಣಿವೆಯಲ್ಲಿ ಈ ವಸಂತದಲ್ಲಿ ಸೀಳಿದ ಸೌದೆಯನ್ನು ಬರುವ ಚಳಿಗಾಲದಲ್ಲಿ ಯಾರೂ ಮುಟ್ಟುವುದಿಲ್ಲ. ಒಣಗಿ ಒಲೆ ಸೇರುವುದು ಅದರಾಚೆಯ ಚಳಿಗಾಲದಲ್ಲಿ. ಸುನ್ನಿವಾಳ ಕೈ ಅಲ್ಲೇ ನಿಂತಿತು.

ಅವನ ರಕ್ತದ ಕ್ಯಾನ್ಸರ್ ಅಡಗಿ ಕೆಲವು ವರ್ಷಗಳಾಗಿದ್ದವು. ಆಗಾಗ ಪರೀಕ್ಷೆಗೆ ರಕ್ತ ಕೊಟ್ಟು ಬರುವುದು, ಫೋನಿನಲ್ಲಿ ಫಲಿತಾಂಶ ನೋಡುವುದು ಮನೆಯ ಅಭ್ಯಾಸವಾಗಿಬಿಟ್ಟಿತ್ತು. ಇಂದು ಬೆಳಿಗ್ಗೆ ಅವನೊಬ್ಬನೇ ನೋಡಿ, “ಎಲ್ಲಾ ಮಾಮೂಲಿ” ಅಂದಿದ್ದ.

“ಆಸ್ಬ್ಯೋರ್ನ್, ಫೋನ್ ಕೊಡು ಇಲ್ಲಿ.”

“ಇದೊಂದು ಮುಗೀಲಿ ಕಣೇ,” ಎಂದ ಅವನು ಇನ್ನೊಂದು ಕೊರಡನ್ನು ನಿಲ್ಲಿಸಿ, ಮೊದಲಿನದಕ್ಕಿಂತ ತೆಳ್ಳಗೆ ಸೀಳಿದ.