ಬುಲೆಟ್ ಅಲ್ಲ, ಸೋಮ್ಯಾ

"ಕರೀರಿ ಅತ್ತಿ, ಒಮ್ಮೆರ ಕರೀರಿ!" ಸೊಸೆ ವೈಶಾಲಿ ಮೊಬೈಲು ಎತ್ತಿ ಹಿಡಿದು ಒಂದೇ ಸಮನೆ ಗಂಟುಬಿದ್ದಿದ್ದಳು. "ನಿಮ್ಮ ದನಿ ಕೇಳಿ ಬುಲೆಟ್ ತಿರುಗಿ ನೋಡಿತಂದ್ರ, ಸಂಜಿಯೊಳಗ ನಮ್ಮ ರೀಲ್ ಊರೂರು ತಿರಗತೈತಿ ನೋಡ್ರಿ."

ಬುಲೆಟ್ಟಂತೆ! ಸಾತವ್ವನಿಗೆ ಮೈಯೆಲ್ಲ ಉರಿಯಿತು. ಸಾವಳಗಿಯ ತನ್ನ ಕೊಟ್ಟಿಗೆಯಲ್ಲಿ ಸೋಮವಾರ ಹುಟ್ಟಿ, ತಾಯಿ ಸತ್ತಾಗ ತನ್ನ ಕೈಯಿಂದಲೇ ಹಾಲು ಕುಡಿದು ಬೆಳೆದ ಎತ್ತು, ಸೋಮ್ಯಾ ಅದು. ಮನೆಗೆ ಟ್ರ್ಯಾಕ್ಟರ್ ಬಂದದ್ದೇ ತಡ, ಗಂಡ ಅದನ್ನು ಗಲಗಲಿಯವರಿಗೆ ಮಾರಿಬಿಟ್ಟ. ಅವರು ಬಂಡಿ ಓಟದ ಶರ್ಯತ್ತಿಗೆ ಹೂಡಿದರು, ಹೊಸ ಹೆಸರಿಟ್ಟರು. ಈಗ ಯಾರ ಮೊಬೈಲು ನೋಡಿದರೂ ಅದೇ. ಮುಧೋಳದ ಈ ಬಯಲಿನಲ್ಲಂತೂ ಎಲ್ಲಿ ನೋಡಿದರಲ್ಲಿ ಅದರ ಚಿತ್ರದ ಅಂಗಿ ತೊಟ್ಟ ಹುಡುಗರು.

ಕರೆಯಬೇಕೆಂದೇ ಅವಳು ಬಂದದ್ದು. ನಿನ್ನೆಯಿಂದ ಆ ಹೆಸರು ನಾಲಿಗೆಯ ತುದಿಯಲ್ಲೇ ಕುಣಿಯುತ್ತಿತ್ತು. ಆದರೆ ಓಟದ ಹಾದಿಗೆ ಕಟ್ಟಿದ ಹಗ್ಗದ ಹತ್ತಿರ ನಿಂತಾಗ ಹಳೆಯದೆಲ್ಲ ನೆನಪಾಯಿತು. ಹೊಲಕ್ಕೆ ಬುತ್ತಿ ಒಯ್ದು ಬದುವಿನ ಮೇಲಿಂದ "ಸೋಮ್ಯಾ" ಎಂದರೆ ಸಾಕು, ಹೂಡಿದ ಗಳೇ ನೇಗಿಲು ಸಮೇತ ಅಲ್ಲೇ ನಿಲ್ಲುತ್ತಿತ್ತು. ಗಂಡ ಬಾರುಕೋಲಿನಿಂದ ಎಷ್ಟು ಬಡಿದರೂ ಆಸಾಮಿ ಹೆಜ್ಜೆ ಕಿತ್ತಿಡುತ್ತಿರಲಿಲ್ಲ.

"ನಾ ಕರದ್ರ ಅದು ನಿಂತಬಿಡತೈತಿ, ಯವ್ವಾ."

"ನಿಂತ್ರ ಇನ್ನೂ ಛಲೋ ಆತಲ್ರಿ! ಜನ ಅದನ್ನ ನೋಡ್ತಾರ."

"ಜನ ನೋಡ್ತಾರ. ಬೆನ್ನ ಮ್ಯಾಲಿನ ಏಟು ಯಾರು ತಿಂತಾರ?"

ಅಷ್ಟರಲ್ಲಿ ಸೀಟಿ ಊದಿದರು. ಧೂಳೆಬ್ಬಿಸಿಕೊಂಡು ಬಂಡಿ ಬಂತು. "ಬುಲೆಟ್! ಬುಲೆಟ್!" ಎಂದು ಬಯಲಿಗೆ ಬಯಲೇ ಒದರಿತು. ಅದು ಯಾರ ಹೆಸರೋ ಎಂಬಂತೆ ಸೋಮ್ಯಾ ಕಿವಿ ಕೂಡ ಆಡಿಸಲಿಲ್ಲ. ಕೈಗೆ ಎಟುಕುವಷ್ಟು ಸಮೀಪ ಅದು ದಾಟುವಾಗ ಸಾತವ್ವ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಕಣ್ಣೀರು ಮಾತ್ರ ಅವಳ ಮಾತು ಕೇಳಲಿಲ್ಲ.

ಸೋಮ್ಯಾ ಗೆದ್ದಿತು. ಆಮೇಲಾದರೂ ಮೈದಡವೋಣವೆಂದರೆ ಸೆಲ್ಫಿಯವರು ಬಿಡಬೇಕಲ್ಲ! ಆ ಗದ್ದಲದಲ್ಲಿ ಅವಳು ಕೂಗಿದ್ದು ಅವಳಿಗೇ ಕೇಳಲಿಲ್ಲ. ಗುಂಪು ಕರಗುವಷ್ಟರಲ್ಲಿ ಗಲಗಲಿಯವರು ಎತ್ತನ್ನು ಟೆಂಪೋ ಹತ್ತಿಸಿಕೊಂಡು ಹೊರಟುಹೋಗಿದ್ದರು.

ವಾಪಸು ಬರುವ ಬಸ್ಸಿನಲ್ಲಿ ವೈಶಾಲಿ ಮುಖ ಊದಿಸಿಕೊಂಡೇ ಕೂತಿದ್ದಳು. ಜಮಖಂಡಿ ಹತ್ತಿರ ಬಂದಾಗ ಅತ್ತೆಯನ್ನು ನೋಡಿ ಪಾಪವೆನಿಸಿತೋ ಏನೋ, ಯಾರೋ ಹಾಕಿದ್ದ ಶರ್ಯತ್ತಿನ ವಿಡಿಯೋ ಹಚ್ಚಿ ಮೊಬೈಲನ್ನು ಅವಳ ಕೈಗಿಟ್ಟಳು.

ಸೋಮ್ಯಾ ನೇರ ಅವಳತ್ತಲೇ ಓಡಿ ಬರುತ್ತಿತ್ತು.

"ಸೋಮ್ಯಾ! ಬಾರೋ ನನ್ನಪ್ಪಾ!" ಬಸ್ಸಿನವರೆಲ್ಲ ಹೊರಳಿ ನೋಡುವಂತೆ ಸಾತವ್ವ ಕೂಗಿದಳು. ಎತ್ತು ನಿಲ್ಲಲಿಲ್ಲ. ಓಡುತ್ತಲೇ ಇತ್ತು.

"ಅತ್ತಿ, ಮೆಲ್ಲಕರಿ... ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡು. ಇದರಾಗ ಎಷ್ಟ ಕರದ್ರೂ ಅದಕ್ಕ ಏಟು ಬೀಳಂಗಿಲ್ಲ. ಹಚ್ಚು, ಇನ್ನೊಮ್ಮೆ ಹಚ್ಚು."